ಮೇಲಿನ ಕೊಂಬೆಯಿಂದ ಅಳತೆ: ಗೋಸುಂಬೆ ಮರಿ ಸಾಕಿದ ನನ್ನ ಅನುಭವ

ಗೋಸುಂಬೆ ಮರಿ ತಂದವರು ಮೊದಲು ಕೇಳುವುದು ಎಷ್ಟು ವಾಟ್‌ನ ಬಲ್ಬು ಹಾಕಬೇಕೆಂದು. ನನ್ನ ಮರುಪ್ರಶ್ನೆ ಯಾವಾಗಲೂ ಒಂದೇ: ಮರಿ ಕೂರುವ ಅತಿ ಎತ್ತರದ ಕೊಂಬೆಯಲ್ಲಿ, ಅದರ ಬೆನ್ನಿನ ಮಟ್ಟದಲ್ಲಿ, ಬಿಸಿ ಎಷ್ಟಿದೆ, ನೇರಳಾತೀತ ಕಿರಣ ಎಷ್ಟಿದೆ? ಉಳಿದ ಲೆಕ್ಕವೆಲ್ಲ ಅಲ್ಲಿಂದ ಕೆಳಕ್ಕೆ ಇಳಿಯುತ್ತದೆ.

ನಾನಿರುವುದು ಅಮೆರಿಕದ ಮಿಶಿಗನ್‌ನಲ್ಲಿ. ಸಾಕುತ್ತಿರುವುದು ವೇಲ್ಡ್ ಕ್ಯಾಮೆಲಿಯನ್. ಯೆಮೆನ್ ಮತ್ತು ಸೌದಿ ಅರೇಬಿಯದ ನೈಋತ್ಯ ಭಾಗದ ಜಾತಿ. ಸಾಕಿದ ಜೋಡಿಗಳಿಗೆ ಹುಟ್ಟಿದ ಮರಿಗಳು ಇಲ್ಲಿ ಸಿಗುತ್ತವೆ. ಊರಿನ ಓದುಗರಿಗೆ ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಕರ್ನಾಟಕದ ಹೊಲದ ಬೇಲಿಯಲ್ಲಿ, ಕುರುಚಲು ಕಾಡಿನಲ್ಲಿ ಕಾಣುವ ನಮ್ಮ ಗೋಸುಂಬೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಅದನ್ನು ಹಿಡಿದು ತಂದು ಸಾಕುವುದು ಅಪರಾಧ. ಮಕ್ಕಳು ಎಷ್ಟೇ ಹಟ ಮಾಡಲಿ, ಅದು ತನ್ನ ಪೊದೆಯಲ್ಲೇ ಇರಲಿ.

ಮರಿಯ ಮೈ ಬೆರಳುದ್ದದ್ದು. ಬೇಗ ಕಾಯುತ್ತದೆ, ಅಷ್ಟೇ ಬೇಗ ಒಣಗುತ್ತದೆ. ಬೆಳೆದ ಗಂಡಿಗೆ ಹೇಳುವ 32 ಡಿಗ್ರಿ ಸೆಲ್ಸಿಯಸ್ ಇದಕ್ಕೆ ಅತಿಯಾಗುತ್ತದೆ. ನಾನು ಮೇಲಿನ ಕೊಂಬೆಯಲ್ಲಿ 27ರಿಂದ 29 ಡಿಗ್ರಿ ಇಡುತ್ತೇನೆ. ಪಂಜರದ ಕೆಳಭಾಗ 22ರ ಆಸುಪಾಸಿನಲ್ಲಿರುತ್ತದೆ. ಬಿಸಿ ಬೇಕಾದಾಗ ಮರಿ ಮೇಲೇರಬೇಕು, ಸಾಕೆನಿಸಿದಾಗ ಎಲೆಗಳ ನಡುವೆ ಇಳಿಯಬೇಕು. ಪಂಜರವೆಲ್ಲ ಒಂದೇ ಸಮ ಬೆಚ್ಚಗಿದ್ದರೆ ಅದಕ್ಕೆ ತಪ್ಪಿಸಿಕೊಳ್ಳಲು ಜಾಗವೇ ಇರುವುದಿಲ್ಲ. ಬಲ್ಬು ಸಾಧಾರಣ ಬಿಳಿ ಬೆಳಕಿನದೇ ಸಾಕು, ಜೊತೆಗೆ ಅದನ್ನು ಹೆಚ್ಚು-ಕಡಿಮೆ ಮಾಡುವ ಒಂದು ಡಿಮ್ಮರ್. ಬಲ್ಬನ್ನು ಜಾಲರಿಯ ಮೇಲೆ ನೇರವಾಗಿ ಇಡುವುದಿಲ್ಲ, ಎತ್ತರಿಸಿ ತೂಗುಹಾಕುತ್ತೇನೆ. ಮರಿಗಳು ಜಾಲರಿಗೆ ಒಳಗಿನಿಂದ ತಲೆಕೆಳಗಾಗಿ ಅಂಟಿಕೊಳ್ಳುತ್ತವೆ. ಮೈ ಸುಡುತ್ತಿದ್ದರೂ ಅಲ್ಲಿಂದ ಸರಿಯದೆ ಇರುವುದುಂಟು. ಥರ್ಮಾಮೀಟರಿನ ತುದಿಯನ್ನು ನೆಲದಲ್ಲಿಯೋ ಪಂಜರದ ಗೋಡೆಯಲ್ಲಿಯೋ ಅಂಟಿಸಿದರೆ ಉಪಯೋಗವಿಲ್ಲ, ಬೆನ್ನು ಬರುವ ಜಾಗದಲ್ಲೇ ಅದು ಇರಬೇಕು.

ರಾತ್ರಿ ಯಾವ ದೀಪವೂ ಇಲ್ಲ. ಅಂಗಡಿಗಳಲ್ಲಿ ರಾತ್ರಿಗೆಂದು ಮಾರುವ ಕೆಂಪು, ನೀಲಿ ಬಲ್ಬುಗಳು ನಿದ್ರೆ ಕೆಡಿಸುತ್ತವೆ. ಅವನ್ನು ಕೊಳ್ಳಬೇಡಿ ಎಂದು ಖಂಡಿತವಾಗಿ ಹೇಳುತ್ತೇನೆ. ಯೆಮೆನ್ನಿನ ಬೆಟ್ಟಗಳಲ್ಲಿ ರಾತ್ರಿ ತಂಪು. ನಮ್ಮ ಕೋಣೆ 18-20 ಡಿಗ್ರಿಗೆ ಇಳಿದರೆ ಮರಿ ಚೆನ್ನಾಗಿಯೇ ಮಲಗುತ್ತದೆ. ಹನ್ನೆರಡು ಗಂಟೆ ಬೆಳಕು, ಹನ್ನೆರಡು ಗಂಟೆ ಕತ್ತಲು. ಅದನ್ನು ಟೈಮರ್ ನೋಡಿಕೊಳ್ಳುತ್ತದೆ.

ಇನ್ನು ಯುವಿಬಿ, ಅಂದರೆ ನೇರಳಾತೀತ ಕಿರಣದ ಒಂದು ಬಗೆ. ಈ ಕಿರಣ ಚರ್ಮಕ್ಕೆ ಬಿದ್ದು, ಮೈಯ ಬಿಸಿಯೂ ಸೇರಿದಾಗ ಡಿ3 ಜೀವಸತ್ವ ತಯಾರಾಗುತ್ತದೆ. ಅದಿಲ್ಲದಿದ್ದರೆ ತಿಂದ ಕ್ಯಾಲ್ಸಿಯಂ ಮೂಳೆಗೆ ಸೇರುವುದಿಲ್ಲ. ಬೆಳೆಯುವ ಮರಿಯಲ್ಲಿ ಇದರ ಪರಿಣಾಮ ಬೇಗ ಕಾಣುತ್ತದೆ: ಕಾಲು ಬಾಗುತ್ತದೆ, ದವಡೆ ಮೆತ್ತಗಾಗುತ್ತದೆ, ಕೊಂಬೆಯ ಹಿಡಿತ ತಪ್ಪುತ್ತದೆ. ಬಾಗಿದ ಮೂಳೆ ಮತ್ತೆ ನೆಟ್ಟಗಾಗುವುದು ಕಷ್ಟ. ಕಿಟಕಿಯ ಬಿಸಿಲು ಬರುತ್ತದಲ್ಲ ಎಂದು ಅನೇಕರು ನೆಮ್ಮದಿಯಾಗಿರುತ್ತಾರೆ, ಆದರೆ ಕಿಟಕಿಯ ಗಾಜು ಯುವಿಬಿಯನ್ನು ತಡೆದುಬಿಡುತ್ತದೆ. ನಾನು ಬಳಸುವುದು ಉದ್ದನೆಯ ಟಿ5 ಎಂಬ ತೆಳ್ಳನೆಯ ಟ್ಯೂಬು, ಹಿಂದೆ ರಿಫ್ಲೆಕ್ಟರ್ ಇರುವಂಥದ್ದು, ಶೇ 6 ಯುವಿಬಿ ಎಂದು ನಮೂದಿಸಿರುವ ಬಗೆ. ಚಿಕ್ಕ ಸುರುಳಿ ಬಲ್ಬುಗಳ ಕಿರಣ ಒಂದೇ ಕಡೆ ಬೀಳುತ್ತದೆ. ಮರಿ ಎರಡು ಹೆಜ್ಜೆ ಸರಿದರೆ ಏನೂ ಸಿಗುವುದಿಲ್ಲ. ಟ್ಯೂಬಿಗೂ ಮರಿಯ ಬೆನ್ನಿಗೂ ಒಂದು ಗೇಣು, ಅಂದರೆ ಸುಮಾರು 20 ಸೆಂಟಿಮೀಟರ್ ಅಂತರ. ನಡುವಿನ ಜಾಲರಿ ಮೂರನೇ ಒಂದು ಪಾಲಿನಷ್ಟು ಕಿರಣವನ್ನು ನುಂಗುತ್ತದೆ, ಅದೂ ಲೆಕ್ಕಕ್ಕೆ ಬರಬೇಕು. ನೇರಳಾತೀತ ಕಿರಣ ಅಳೆಯುವ ಮೀಟರಿನಲ್ಲಿ ಯುವಿ ಸೂಚ್ಯಂಕ, ಅಂದರೆ ಆ ಕಿರಣದ ತೀವ್ರತೆಯ ಅಂಕ, 3ರ ಹತ್ತಿರ ಇದ್ದರೆ ನನಗೆ ಸಮಾಧಾನ. ಮೀಟರಿನ ಬೆಲೆ ಹೆಚ್ಚು. ಪರಿಚಯದ ನಾಲ್ಕು ಜನ ಸೇರಿ ಕೊಂಡರೂ ಆದೀತು. ಟ್ಯೂಬು ಹಾಕಿದ ದಿನಾಂಕವನ್ನು ಅದರ ಮೇಲೇ ಬರೆಯುತ್ತೇನೆ. ಕಣ್ಣಿಗೆ ಬೆಳಕು ಕಂಡರೂ ಯುವಿಬಿ ಕುಂದಿರುತ್ತದೆ, ಆದ್ದರಿಂದ ವರ್ಷಕ್ಕೊಮ್ಮೆ ಬದಲಾವಣೆ.

ಮರಿಗೆ 16 ಇಂಚು ಅಗಲ, 30 ಇಂಚು ಎತ್ತರದ ಜಾಲರಿ ಪಂಜರ ಸಾಕು. ಮೇಜಿನ ಮೇಲಿಡಿ, ಮೇಲಿನಿಂದ ಬಗ್ಗಿ ನೋಡುವ ಮುಖ ಅದಕ್ಕೆ ಹದ್ದಿನಂತೆಯೇ ಕಾಣುತ್ತದೆ. ಮಿಶಿಗನ್ನಿನ ಚಳಿಗಾಲದಲ್ಲಿ ಹೀಟರಿನ ಗಾಳಿ ಪಂಜರವನ್ನು ಒಣಗಿಸಿಬಿಡುವುದರಿಂದ ಮೂರು ಬದಿಗೆ ಪ್ಲಾಸ್ಟಿಕ್ ಹಾಳೆ ಕಟ್ಟುತ್ತೇನೆ, ಮುಂದಿನ ಬಾಗಿಲು ಮತ್ತು ಮೇಲ್ಭಾಗ ಗಾಳಿಯಾಡಲು ತೆರೆದಿರುತ್ತವೆ. ದೀಪ ಹತ್ತುವ ಮೊದಲು ಮತ್ತು ಆರಿದ ಮೇಲೆ ಎಲೆಗಳಿಗೆ ನೀರು ಸಿಂಪಡಿಸುತ್ತೇನೆ. ಬಟ್ಟಲಿನ ನೀರನ್ನು ಇವು ಸಾಮಾನ್ಯವಾಗಿ ಗುರುತಿಸುವುದಿಲ್ಲ, ಎಲೆಯ ಮೇಲಿನ ಹನಿಯನ್ನು ನೆಕ್ಕುತ್ತವೆ. ಹಗಲಲ್ಲಿ ಪಂಜರ ಒಣಗಬೇಕು. ಬಿಸಿಯೂ ತೇವವೂ ಸೇರಿ ಗಾಳಿ ನಿಂತರೆ ಶ್ವಾಸಕೋಶದ ಸೋಂಕು ಬರುತ್ತದೆ. ಒಳಗೆ ಮನಿ ಪ್ಲಾಂಟ್, ದಾಸವಾಳ, ಪೆನ್ಸಿಲ್ ದಪ್ಪದ ಅಡ್ಡ ಕೊಂಬೆಗಳು. ಈ ಜಾತಿ ಎಲೆಯನ್ನೂ ತಿನ್ನುವುದರಿಂದ ಔಷಧಿ ಸಿಂಪಡಿಸದ ದಾಸವಾಳವೇ ಬೇಕು. ಒಂದು ಪಂಜರಕ್ಕೆ ಒಂದೇ ಮರಿ. ಒಡಹುಟ್ಟಿದವಾದರೂ ಎರಡು-ಮೂರು ತಿಂಗಳಾಗುವಷ್ಟರಲ್ಲಿ ಬೇರ್ಪಡಿಸಬೇಕು, ಒಂದು ಇನ್ನೊಂದಕ್ಕೆ ಕಾಣದಂತೆ ನಡುವೆ ತಡಿಕೆಯನ್ನೂ ಹಾಕಬೇಕು.

ಮೀಟರು ಹೇಳದ್ದನ್ನು ಮರಿಯ ಮೈ ಹೇಳುತ್ತದೆ. ಬೆಳಗ್ಗೆ ಬಣ್ಣ ಗಾಢವಾಗಿಸಿ ಒಂದು ಪಕ್ಕೆಯನ್ನು ದೀಪದತ್ತ ಅಗಲಿಸಿ ಕೂತರೆ ಮೈ ಕಾಯಿಸಿಕೊಳ್ಳುತ್ತಿದೆ ಎಂದರ್ಥ. ದಿನವಿಡೀ ಹಾಗೆಯೇ ಕೂತಿದ್ದರೆ ಬಿಸಿ ಸಾಲದು. ಬಣ್ಣ ಬಿಳಿಚಿ ಬಾಯಿ ತೆರೆದಿದ್ದರೆ ಬಿಸಿ ಹೆಚ್ಚಾಗಿದೆ, ತಕ್ಷಣ ಡಿಮ್ಮರ್ ತಗ್ಗಿಸಬೇಕು. ಕಣ್ಣು ಗುಳಿಬಿದ್ದಿದ್ದರೆ ನೀರು ಸಾಲುತ್ತಿಲ್ಲ. ಹಗಲಲ್ಲೇ ಕಣ್ಣು ಮುಚ್ಚಿ ಕೂತಿದ್ದರೆ ಕಾಯುವುದು ಬೇಡ, ಸರೀಸೃಪ ಬಲ್ಲ ಪಶುವೈದ್ಯರ ಬಳಿಗೆ ಒಯ್ಯಬೇಕು.

ಮರಿ ಬೆಳೆದಂತೆ ನೆತ್ತಿಯ ಮುಕುಟವೂ ಎತ್ತರವಾಗುತ್ತದೆ, ಬೆನ್ನಿಗಿಂತ ಮೊದಲು ಅದೇ ದೀಪಕ್ಕೆ ಹತ್ತಿರವಾಗುತ್ತದೆ, ಸುಡುವುದೂ ಅಲ್ಲಿಯೇ. ಆದ್ದರಿಂದ ಆಗಾಗ ಮೇಲಿನ ಕೊಂಬೆಯನ್ನು ಒಂದಿಷ್ಟು ಕೆಳಗಿಳಿಸಿ, ಮುಕುಟದ ಮಟ್ಟದಲ್ಲಿ ಮತ್ತೆ ಅಳೆಯುತ್ತೇನೆ.