ಬರೋಲೊ ವೈನ್: ಒಗರನ್ನು ಹದಕ್ಕೆ ತಂದು ಕುಡಿಯುವ ಬಗೆ

ಇಟಲಿಯ ರೆಡ್ ವೈನ್ ಬರೋಲೊದ ಬಾಟಲಿಯ ಬಿರಡೆ ತೆಗೆದ ಕೂಡಲೇ ಸುರಿದು ಕುಡಿದರೆ ಹಸಿ ಅಡಿಕೆ ಜಗಿದ ಹಾಗೆ ಒಸಡೆಲ್ಲ ಒಗರು. ಹೆಚ್ಚಿನ ಸಲ ಕಾರಣ ಇಷ್ಟೇ: ವೈನಿಗೆ ಗಾಳಿ ಸಾಲದು, ಅದು ತೀರಾ ತಣ್ಣಗಿದೆ, ಅಥವಾ ತಟ್ಟೆಯಲ್ಲಿ ಕೊಬ್ಬಿನ ತಿನಿಸಿಲ್ಲ. ಮೂರನ್ನೂ ಸರಿಪಡಿಸಬಹುದು.

ಇಟಲಿಯ ವಾಯವ್ಯದ ಪಿಯೆಮಾಂಟೆ ಪ್ರಾಂತ್ಯದಲ್ಲಿ, ಆಲ್ಬಾ ಪಟ್ಟಣದ ನೈರುತ್ಯಕ್ಕಿರುವ ಲಾಂಗೆ ಗುಡ್ಡಗಳ 11 ಊರುಗಳಲ್ಲಿ ಮಾತ್ರ ಬರೋಲೊ ತಯಾರಾಗುತ್ತದೆ. ದ್ರಾಕ್ಷಿ ಒಂದೇ, ನೆಬಿಯೋಲೊ. ಕಟಾವಿನ ವರ್ಷದ ನವೆಂಬರ್ 1ರಿಂದ ಲೆಕ್ಕ ಹಾಕಿ ಕನಿಷ್ಠ 38 ತಿಂಗಳು ಮಾಗಬೇಕು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ. ಲೇಬಲ್‌ನಲ್ಲಿ ರಿಸರ್ವಾ ಎಂದಿದ್ದರೆ 62 ತಿಂಗಳು. ಬಣ್ಣ ತಿಳಿಯಾಗಿದೆ ಎಂದು ಹಗುರವಾಗಿ ಎಣಿಸಬೇಡಿ. ಹುಳಿ, ಒಗರು ಎರಡೂ ಜೋರು. ಆಲ್ಕೋಹಾಲ್ ಸಾಮಾನ್ಯವಾಗಿ 14 ಶೇಕಡದ ಆಸುಪಾಸು. ಪರಿಮಳದಲ್ಲಿ ಒಣ ಗುಲಾಬಿ, ಚೆರಿ, ಡಾಂಬರು. ವಯಸ್ಸಾದಂತೆ ಚರ್ಮ, ಒಣ ಎಲೆ, ಅಣಬೆ.

ಕೊಳ್ಳುವಾಗ ಊರಿನ ಹೆಸರು ನೋಡಿ. ಲಾ ಮೊರ್ರಾ ಕಡೆಯದು ಸಾಮಾನ್ಯವಾಗಿ ಮೃದು, ಬೇಗ ಕುಡಿಯಲು ಬರುತ್ತದೆ. ಸೆರ್ರಾಲುಂಗಾ ದಾಲ್ಬಾ, ಮೊಂಫೊರ್ತೆಯವು ಬಿಗಿ. ಕಟಾವಾಗಿ ಹತ್ತು ವರ್ಷ ತುಂಬುವವರೆಗೆ ಕಾಯುವುದು ಒಳ್ಳೆಯದು. ಮೊದಲ ಸಲ ಕುಡಿಯುವವರಿಗೆ, ಅದೇ ದ್ರಾಕ್ಷಿಯ, ಕಡಿಮೆ ಬೆಲೆಯ ಲಾಂಗೆ ನೆಬಿಯೋಲೊ ಸಾಕು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಹತ್ತು ವರ್ಷದೊಳಗಿನ ಬಾಟಲಿಯಾದರೆ ಊಟಕ್ಕೆ ಎರಡು ಮೂರು ಗಂಟೆ ಮೊದಲೇ ಡಿಕ್ಯಾಂಟರಿಗೆ, ಅಂದರೆ ವೈನಿಗೆ ಗಾಳಿ ತಾಗಿಸುವ ಅಗಲ ತಳದ ಗಾಜಿನ ಪಾತ್ರೆಗೆ, ಪೂರ್ತಿ ಸುರಿಯಿರಿ. ಗಾಜಿನ ಹೂಜಿಯಾದರೂ ನಡೆಯುತ್ತದೆ. ಬಿರಡೆ ಮಾತ್ರ ತೆಗೆದಿಟ್ಟರೆ ಪ್ರಯೋಜನವಿಲ್ಲ, ಆ ಸಣ್ಣ ಕತ್ತಿನಲ್ಲಿ ಗಾಳಿ ತಾಗುವುದು ರೂಪಾಯಿ ನಾಣ್ಯದಗಲಕ್ಕೂ ಕಡಿಮೆ ಜಾಗಕ್ಕೆ. ಇಪ್ಪತ್ತು ವರ್ಷ ದಾಟಿದ ಬಾಟಲಿಯ ಕ್ರಮ ಬೇರೆ: ಒಂದು ದಿನ ಮೊದಲೇ ನೇರವಾಗಿ ನಿಲ್ಲಿಸಿ, ಗಷ್ಟು ತಳ ಸೇರಲಿ. ಕತ್ತಿನ ಕೆಳಗೆ ದೀಪ ಹಿಡಿದು ನಿಧಾನವಾಗಿ ಬಗ್ಗಿಸಿ, ಗಷ್ಟು ಕತ್ತಿಗೆ ಬಂದ ಕೂಡಲೇ ನಿಲ್ಲಿಸಿ. ಹೆಚ್ಚು ಹೊತ್ತು ಗಾಳಿಗಿಟ್ಟರೆ ಅದರ ನವಿರಾದ ಪರಿಮಳ ಹಾರಿಹೋಗುತ್ತದೆ. ಒದ್ದೆ ರಟ್ಟಿನ ವಾಸನೆ ಬಂದರೆ ಬಿರಡೆ ಕೆಟ್ಟಿದೆ. ಎಷ್ಟು ಗಾಳಿಗಿಟ್ಟರೂ ಅದು ಹೋಗದು.

ಬಡಿಸಬೇಕಾದದ್ದು 16ರಿಂದ 18 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಬೆಂಗಳೂರಿನ ಏಪ್ರಿಲ್‌ನಲ್ಲಿ ಕೋಣೆಯ ಉಷ್ಣತೆಯಲ್ಲೇ ಕೊಟ್ಟರೆ ಆಲ್ಕೋಹಾಲ್ ಮೂಗಿಗೆ ಹೊಡೆದು ಗುಲಾಬಿ ಮರೆಯಾಗುತ್ತದೆ. ಐಸ್ ಮತ್ತು ನೀರು ಸಮವಾಗಿ ಬೆರೆಸಿದ ಪಾತ್ರೆಯಲ್ಲಿ ಹತ್ತು ಹದಿನೈದು ನಿಮಿಷ ಇಡಿ. ತೀರಾ ತಣ್ಣಗಾದರೆ ಒಗರು ಮತ್ತೆ ಎದ್ದು ಕಾಣುತ್ತದೆ, ಆಗ ಗ್ಲಾಸನ್ನು ಅಂಗೈಯಲ್ಲಿ ಹಿಡಿದು ಸ್ವಲ್ಪ ಕಾಯಿರಿ. ದೊಡ್ಡ ಹೊಟ್ಟೆಯ ಗ್ಲಾಸಿಗೆ 120 ಮಿ.ಲೀ.ಗಿಂತ ಹೆಚ್ಚು ಬೇಡ.

ಇನ್ನು ಊಟ. ಒಗರು ಜೊಲ್ಲಿನ ಪ್ರೋಟೀನನ್ನು ಹಿಡಿದುಕೊಳ್ಳುವುದರಿಂದಲೇ ಬಾಯಿ ಒಣಗುವುದು. ತಟ್ಟೆಯಲ್ಲಿ ಮಾಂಸವೋ ಚೀಸೋ ಇದ್ದರೆ ಅದು ಅಲ್ಲಿನ ಪ್ರೋಟೀನು, ಕೊಬ್ಬಿಗೆ ಅಂಟಿಕೊಂಡು ನಾಲಿಗೆಯನ್ನು ಬಿಡುತ್ತದೆ. ಪಿಯೆಮಾಂಟೆಯವರು ಮಾಡುವ ಬ್ರಸಾತೊ ಇದಕ್ಕೆ ಹೇಳಿ ಮಾಡಿಸಿದ್ದು: ಒಂದೂವರೆ ಕಿಲೊ ಬೀಫ್ ತುಂಡನ್ನು ಒಂದು ಬಾಟಲಿ ವೈನ್, ಈರುಳ್ಳಿ, ಕ್ಯಾರೆಟ್, ಸೆಲರಿ, ಲವಂಗ, ಬೇ ಎಲೆಯ ಜೊತೆ ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಒತ್ತಿ ಒಣಗಿಸಿ, ಎಲ್ಲ ಬದಿ ಕೆಂಪಗೆ ಹುರಿದು, ನೆನೆಸಿದ ರಸದಲ್ಲೇ ಸಣ್ಣ ಉರಿಯಲ್ಲಿ ಮೂರು ಗಂಟೆ ಬೇಯಿಸುತ್ತಾರೆ. ಒಣಗಿಸದೆ ಹುರಿದರೆ ಕೆಂಪಾಗದೆ ಬೇಯುತ್ತದೆ. ಕುದಿ ಜೋರಾದರೆ ನಾರಾಗುತ್ತದೆ. ಕುರಿಯ ಭುಜದ ಮಾಂಸಕ್ಕೂ ಇದೇ ಕ್ರಮ. ಪಾತ್ರೆಗೆ ಅದೇ ಸೀಮೆಯ ಇನ್ನೊಂದು ರೆಡ್ ವೈನ್ ಬಾರ್ಬೆರಾ ಹಾಕಿ, ಬರೋಲೊವನ್ನು ಗ್ಲಾಸಿಗೆ ಉಳಿಸಿ.

ಮಾಂಸದ ಅಡುಗೆ ಬೇಡದವರು ಬೆಣ್ಣೆ ಹಾಕಿದ ಅಣಬೆ ರಿಸೊಟ್ಟೊ (ಇಟಲಿಯ ಅನ್ನದ ತಿನಿಸು), 24 ತಿಂಗಳು ಮಾಗಿದ ಪಾರ್ಮಿಜಾನೊ ಚೀಸ್, ಪಿಯೆಮಾಂಟೆಯದೇ ಆದ ಕಾಸ್ತೆಲ್‌ಮಾನ್ಯೊ ಚೀಸ್ ಆರಿಸಿಕೊಳ್ಳಬಹುದು. ಈ ಎರಡೂ ಚೀಸಿಗೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಸೇರುವುದರಿಂದ ಕಟ್ಟುನಿಟ್ಟಿನ ಸಸ್ಯಾಹಾರಿಗಳಿಗೆ ಆಗದು. ಮೊಟ್ಟೆ ಹೇರಳವಾಗಿರುವ ತಾಯರಿನ್ ಎಂಬ ಸಣ್ಣ ಎಳೆಯ ಪಾಸ್ತಾಕ್ಕೆ ಆಲ್ಬಾದ ಬಿಳಿ ಟ್ರಫಲ್ (ನೆಲದಡಿ ಬೆಳೆಯುವ ಅಣಬೆಯಂಥದ್ದು) ತುರಿದರೆ ಅದಕ್ಕಿಂತ ಒಳ್ಳೆಯ ಜೋಡಿ ಇಲ್ಲ. ಮೀನು ಬೇಡ, ಲೋಹದ ರುಚಿ ಬರುತ್ತದೆ. ಖಾರದ ಸಾರು, ಮಸಾಲೆ ಪಲ್ಯವೂ ಬೇಡ. ಮೆಣಸಿನಕಾಯಿಯ ಉರಿ ಒಗರನ್ನೂ ಆಲ್ಕೋಹಾಲನ್ನೂ ಹೆಚ್ಚಿಸಿ ತೋರಿಸುತ್ತದೆ. ನಮ್ಮ ಊಟದ ಜೊತೆ ರೆಡ್ ವೈನೇ ಬೇಕೆಂದರೆ ಒಗರು ಕಡಿಮೆಯಿರುವ ಬಾರ್ಬೆರಾ ವಾಸಿ.

ಉಳಿದದ್ದನ್ನು ಸಣ್ಣ ಬಾಟಲಿಗೆ ಕಂಠದವರೆಗೆ ತುಂಬಿ ಬಿಗಿಯಾಗಿ ಮುಚ್ಚಿ ಫ್ರಿಜ್‌ನಲ್ಲಿಡಿ. ಎಳೆಯ ವೈನಾದರೆ ಎರಡು ಮೂರು ದಿನ ಬಾಳುತ್ತದೆ, ಎಷ್ಟೋ ಸಲ ಎರಡನೇ ದಿನವೇ ಹೆಚ್ಚು ಹದವಾಗಿರುತ್ತದೆ.