ದಡದಿಂದಲೋ ದೋಣಿಯಿಂದಲೋ: ಕಾಣೆ ಮೀನಿಗೆ ಗಾಳ ಹಾಕುವ ಕ್ರಮ

ಡಿಸೆಂಬರ್ ರಜೆ ಶುರುವಾದರೆ ಸಾಕು, ಮಂಗಳೂರಿನ ಉತ್ತರಕ್ಕೆ ಸಸಿಹಿತ್ಲಿನಲ್ಲಿ ಹೊಳೆ ಕಡಲು ಸೇರುವ ಅಳಿವೆ ಬಾಗಿಲಿನ ಹತ್ತಿರ ಹೊಸ ಗಾಳದ ರಾಡು ಹಿಡಿದವರು ಬಂದು ನಿಲ್ಲುತ್ತಾರೆ. ಒಂದು ಗಂಟೆ ನಿಂತರೂ ಏನೂ ಸಿಗುವುದಿಲ್ಲ. ಆಮೇಲೆ ಎಲ್ಲರದ್ದೂ ಒಂದೇ ಮಾತು: "ದೋಣಿ ಇದ್ದಿದ್ರೆ ಸಿಗ್ತಿತ್ತು." ಮುಂದಿನ ವಾರ ಯಾರದ್ದೋ ದೋಣಿ ಗೊತ್ತು ಮಾಡಿಕೊಂಡು, ಅದೇ ಹನ್ನೊಂದು ಅಡಿಯ ರಾಡು ಹೊತ್ತುಕೊಂಡು ಹತ್ತುತ್ತಾರೆ. ಆಗಲೂ ಮೀನಿಲ್ಲ. ಗಾಳಕ್ಕೆ ಸಿಗುವುದು ಪಕ್ಕದಲ್ಲಿ ಕೂತವನ ಶರ್ಟು.

ಎರಡೂ ಬೇರೆ ಬೇರೆ ಕೆಲಸ ಎಂದು ಇವರಿಗೆ ಯಾರೂ ಹೇಳಿರುವುದಿಲ್ಲ. ದಡದಲ್ಲಿ ನೀವು ನಿಂತಿರುತ್ತೀರಿ, ನೀರು ಓಡುತ್ತದೆ. ದೋಣಿಯಲ್ಲಿ ನೀರಿನ ಜೊತೆ ನೀವೂ ಓಡುತ್ತೀರಿ, ಏಳುತ್ತೀರಿ, ಇಳಿಯುತ್ತೀರಿ. ಅಷ್ಟಕ್ಕೇ ರಾಡಿನ ಉದ್ದ, ಗಾಳ ಮುಳುಗಿಸುವ ಸೀಸದ ತೂಕ, ಮೀನು ಕಚ್ಚಿದ್ದು ಕೈಗೆ ಗೊತ್ತಾಗುವ ರೀತಿ ಎಲ್ಲ ಬದಲಾಗುತ್ತದೆ.

ಇಲ್ಲಿ ಕಾಣೆ ಮೀನನ್ನೇ ಇಟ್ಟುಕೊಂಡು ಹೇಳುತ್ತೇನೆ. ದಡದಿಂದಲೂ ಸಿಗುತ್ತದೆ, ದೋಣಿಯಿಂದಲೂ ಸಿಗುತ್ತದೆ, ಹಿಡಿದ ಮೇಲೆ ತಿನ್ನಲಿಕ್ಕೂ ಅದರಷ್ಟು ರುಚಿ ಬೇರೆ ಇಲ್ಲ (ಅಂಜಲ್ ಮೀನೇ ರುಚಿ ಎನ್ನುವವರ ಜೊತೆ ನಾನು ವಾದ ಮಾಡುವುದಿಲ್ಲ). ಕಾಣೆ ಇರುವುದು ಮರಳಿನ ತಳದಲ್ಲಿ. ಹುಳು, ಚಿಕ್ಕ ಸಿಗಡಿ ಹುಡುಕಿ ತಿನ್ನುತ್ತದೆ. ಬಾಯಿ ತೀರಾ ಸಣ್ಣದು. ಹೆದರಿದರೆ ಮರಳಿನೊಳಗೆ ಹೂತುಕೊಳ್ಳುತ್ತದೆ, ಹಾಗಾಗಿ ಎಳೆಯುವ ಬಲೆಯಿಂದಲೂ ತಪ್ಪಿಸಿಕೊಳ್ಳುವುದುಂಟು. ಇಷ್ಟು ನೆನಪಿಟ್ಟುಕೊಂಡರೆ ಮುಂದಿನದ್ದು ಅರ್ಧ ಅರ್ಥವಾದಂತೆ.

ಮೊದಲು ಪಂಚಾಂಗ ನೋಡಿ

ತಮಾಷೆಗೆ ಹೇಳುತ್ತಿಲ್ಲ. ಅಮಾವಾಸ್ಯೆ, ಹುಣ್ಣಿಮೆಯ ಆಚೀಚೆ ಉಬ್ಬರ ಇಳಿತ ಎರಡೂ ಜೋರು. ಅಷ್ಟಮಿ ನವಮಿ ಹೊತ್ತಿಗೆ ನೀರಿನ ಓಟ ಸಪ್ಪೆ. ಒಂದು ಉಬ್ಬರದಿಂದ ಇನ್ನೊಂದು ಉಬ್ಬರಕ್ಕೆ ಸುಮಾರು ಹನ್ನೆರಡು ಗಂಟೆ 25 ನಿಮಿಷ, ಅಂದರೆ ನಿನ್ನೆ ಬೆಳಿಗ್ಗೆ 7ಕ್ಕೆ ನೀರು ತುಂಬಿದ್ದರೆ ಇವತ್ತು 8ರ ಹತ್ತಿರ ಹತ್ತಿರ ತುಂಬುತ್ತದೆ. ದಡದಿಂದ ಹಾಕುವವರಿಗೆ ನೀರು ಏರುವ ಎರಡು ಮೂರು ಗಂಟೆ ಒಳ್ಳೆಯದು. ದೋಣಿಯವರು, ಅದರಲ್ಲೂ ಹೊಸಬರು, ಅಷ್ಟಮಿಯ ಆಚೀಚೆ ಹೋಗಲಿ. ಓಟ ಕಡಿಮೆ ಇದ್ದರೆ ತಪ್ಪೂ ಕಡಿಮೆ.

ಚಳಿಗಾಲದಲ್ಲಿ ಬೆಳಿಗ್ಗೆ ನೆಲದ ಕಡೆಯಿಂದ ತೆಳುಗಾಳಿ, ಮಧ್ಯಾಹ್ನದ ಹೊತ್ತಿಗೆ ಕಡಲಗಾಳಿ. ದೋಣಿಯಲ್ಲಿ ಹೋದವರು ಹನ್ನೊಂದಕ್ಕೆ ವಾಪಸ್ ಬನ್ನಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ಕಡಲಲ್ಲಿ ನಿಷೇಧ ಇರುತ್ತದೆ. ನಿಷೇಧ ಇಲ್ಲದಿದ್ದರೂ ಮಳೆಗಾಲದಲ್ಲಿ ಹವ್ಯಾಸಕ್ಕೆ ದೋಣಿ ಹತ್ತುವುದು ಬುದ್ಧಿವಂತರ ಕೆಲಸ ಅಲ್ಲ.

ಸಾಮಾನು

ದಡಕ್ಕೆ: ಕಡಲ ತೆರೆಯ ಕಡೆ ನಿಲ್ಲುವುದಾದರೆ ಹತ್ತು ಹನ್ನೊಂದು ಅಡಿ ರಾಡು, 60ರಿಂದ 80 ಗ್ರಾಂ ಸೀಸ. ಅಳಿವೆಯ ಒಳಗಾದರೆ ಎಂಟು ಅಡಿ, 30 ಗ್ರಾಂ ಸಾಕು. ದೋಣಿಗೆ: ಆರು ಅಡಿ, ಏಳು ಅಡಿಗಿಂತ ಜಾಸ್ತಿ ಬೇಡವೇ ಬೇಡ. ಉದ್ದ ರಾಡು ಬೇಕಾಗುವುದು ದೂರ ಎಸೆಯಲಿಕ್ಕೆ, ತೆರೆಯ ಮೇಲೆ ದಾರ ಎತ್ತಿ ಹಿಡಿಯಲಿಕ್ಕೆ. ದೋಣಿಯಲ್ಲಿ ಎಸೆಯುವ ಕೆಲಸವೇ ಇಲ್ಲ, ಸುಮ್ನೆ ಇಳಿಸುವುದು.

ಗಾಳ 8 ಅಥವಾ 10ನೇ ನಂಬರ್, ಕಡ್ಡಿ ಉದ್ದ ಇರುವಂಥದ್ದು. ನಂಬರ್ ಜಾಸ್ತಿಯಾದಷ್ಟೂ ಗಾಳ ಸಣ್ಣದು, ಇದು ಗೊತ್ತಿಲ್ಲದೆ ಅಂಗಡಿಯಲ್ಲಿ "ಸಣ್ಣದು, ಎರಡನೇ ನಂಬರ್ ಕೊಡಿ" ಎಂದು ಕೇಳಿ ದೊಡ್ಡ ಬಾಯಿಯ ಮುರು ಮೀನಿನ ಗಾಳ ತಂದವರನ್ನು ನೋಡಿದ್ದೇನೆ. ಸೀಸ ನಡುವೆ ತೂತು ಇರುವುದಾಗಲಿ, ದಾರ ಅದರೊಳಗೆ ಸಲೀಸಾಗಿ ಓಡಬೇಕು. ಕಾಣೆ ಎಳೆದಾಗ ಅದಕ್ಕೆ ಭಾರ ತಾಗಬಾರದು, ತಾಗಿದರೆ ಉಗುಳಿ ಹೋಗುತ್ತದೆ. ಗಾಳಕ್ಕೆ ಸಿಕ್ಕಿಸುವ ಎರೆಗೆ ಸಿಪ್ಪೆ ಸುಲಿದ ಹಸಿ ಸಿಗಡಿ, ಕಿರುಬೆರಳ ಉಗುರಿನಷ್ಟು. ದೊಡ್ಡ ತುಂಡು ಹಾಕಿದರೆ ದೊಡ್ಡ ಮೀನು ಬರುತ್ತದೆ ಎನ್ನುವುದು ಸುಳ್ಳು, ಏಡಿ ಬರುತ್ತದೆ.

ಆನ್‌ಲೈನಲ್ಲಿ ರಾಡು, ರೀಲು, ರಬ್ಬರ್ ಮೀನು, ಇಕ್ಕಳ ಎಲ್ಲ ಒಂದೇ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಮಾರುತ್ತಾರಲ್ಲ, ಅದನ್ನು ತೆಗೆದುಕೊಳ್ಳಬೇಡಿ. ನಾನು ತೆಗೆದುಕೊಂಡಿದ್ದೆ. ಎರಡನೇ ಸಲ ಉಪ್ಪುನೀರಿಗೆ ಹೋಗಿ ಬರುವಷ್ಟರಲ್ಲಿ ರೀಲಿನ ಹಿಡಿ ತುಕ್ಕು ಹಿಡಿದು ಗಟ್ಟಿಯಾಗಿತ್ತು. ಆ ಇಕ್ಕಳ ಮಾತ್ರ ಈಗಲೂ ಇದೆ, ಗೋಡೆಯ ಮೊಳೆ ಕೀಳಲಿಕ್ಕೆ ಆಗುತ್ತದೆ.

ದಡದಿಂದ

ಇಲ್ಲಿ ಎಲ್ಲರೂ ಬಿಡುವ ಕೆಲಸ ಒಂದಿದೆ. ನೀರು ಪೂರಾ ಇಳಿದಾಗ ಖಾಲಿ ಕೈಯಲ್ಲಿ ಹೋಗಿ ಜಾಗ ನೋಡಿ ಬರುವುದು. ಆಗ ಮರಳಿನ ದಿಬ್ಬ ಎಲ್ಲಿ, ನಡುವೆ ಉದ್ದಕ್ಕೆ ಹೋಗುವ ತಗ್ಗು ಎಲ್ಲಿ ಎಂದು ಕಣ್ಣಿಗೇ ಕಾಣುತ್ತದೆ. ಫೋನಿನಲ್ಲಿ ಫೋಟೊ ತೆಗೆದುಕೊಳ್ಳಿ, ಹಿಂದೆ ಒಂದು ಗುರುತು ಸೇರಿಸಿ, ತೆಂಗಿನ ಮರವೋ ಕಂಬವೋ. ನೀರು ಏರುವಾಗ ಕಾಣೆ ಬರುವುದು ಆ ತಗ್ಗಿನ ಗುಂಟ. ಮಳೆಗಾಲ ಕಳೆದ ಮೇಲೆ ದಿಬ್ಬಗಳು ಜಾಗ ಬದಲಿಸಿರುತ್ತವೆ, ಹಾಗಾಗಿ ಹೋದ ವರ್ಷದ ಫೋಟೊ ನಂಬಬೇಡಿ.

ಆಮೇಲೆ ಎಸೆಯುವುದು. ಹೊಸಬರು ಮೈಯಲ್ಲಿ ಇರುವ ಶಕ್ತಿ ಎಲ್ಲ ಹಾಕಿ ಲಕ್ಷದ್ವೀಪಕ್ಕೆ ತಲುಪಿಸುವಂತೆ ಎಸೆಯುತ್ತಾರೆ. ತಗ್ಗು ಇರುವುದು ಹದಿನೈದು ಇಪ್ಪತ್ತು ಮೀಟರ್ ದೂರದಲ್ಲಿ. ಮೀನಿನ ತಲೆಯ ಮೇಲಿಂದ ಸೀಸ ದಾಟಿಸಿ ಖಾಲಿ ಮರಳಿಗೆ ಹಾಕಿ ಏನು ಸಿಗುತ್ತದೆ? ಹತ್ತಿರ ಹಾಕಿ. ಸೀಸ ತಳ ಮುಟ್ಟಿದ ಮೇಲೆ ದಾರ ಬಿಗಿ ಮಾಡಿ, ಒಂದು ಗೇಣು ಎಳೆಯಿರಿ, ಹತ್ತು ಎಣಿಸಿ, ಮತ್ತೆ ಒಂದು ಗೇಣು. ಸೀಸ ಮರಳಿನಲ್ಲಿ ಸಣ್ಣ ಧೂಳೆಬ್ಬಿಸುತ್ತದೆ, ಹುಳು ಎದ್ದಿತೋ ಎಂದು ಕಾಣೆ ನೋಡಲಿಕ್ಕೆ ಬರುತ್ತದೆ. ರಾಡನ್ನು ಮರಳಿಗೆ ಚುಚ್ಚಿಟ್ಟು ಮೊಬೈಲ್ ನೋಡುತ್ತಾ ಕೂರುವವರಿಗೆ ಕಾಣೆ ಸಿಗುವುದಿಲ್ಲ.

ಕಾಪು ದೀಪಸ್ತಂಭದ ಕೆಳಗೋ ಸುರತ್ಕಲ್ ಕಲ್ಲುಗಳ ಮೇಲೋ ನಿಲ್ಲುವುದು ಬೇರೆಯೇ ಕಥೆ. ಅಲ್ಲಿ ಕಾಣೆ ಇಲ್ಲ, ಮುರು, ಕೆಂಬೇರಿಯಂಥ ಕಲ್ಲಿನ ಮೀನು ನೋಡಬೇಕು. ಅಲ್ಲಿ ಸೀಸ ಕಲ್ಲಿನ ಸಂದಿಯಲ್ಲಿ ಸಿಕ್ಕುತ್ತಲೇ ಇರುತ್ತದೆ, ಹಾಗಾಗಿ ಗ್ಯಾರೇಜಿನಿಂದ ಹಳೆ ಸ್ಪಾರ್ಕ್ ಪ್ಲಗ್ ಕೇಳಿ ತಂದು ಸೀಸದ ಬದಲು ತೆಳು ದಾರದಲ್ಲಿ ಕಟ್ಟಿ. ಸಿಕ್ಕಿಕೊಂಡರೆ ಪ್ಲಗ್ ಮಾತ್ರ ಹೋಗುತ್ತದೆ. ಒದ್ದೆಯಾಗಿ ಹೊಳೆಯುವ ಕಲ್ಲಿನ ಮೇಲೆ ನಿಲ್ಲಬೇಡಿ, ಅದು ಒದ್ದೆಯಾಗಿದೆ ಎಂದರೆ ಈಗಷ್ಟೇ ಅಲೆ ಅಲ್ಲಿಗೆ ಬಂದು ಹೋಗಿದೆ ಎಂದರ್ಥ.

ದೋಣಿಯಿಂದ: ಎಲ್ಲ ಇರುವುದು ಲಂಗರಿನಲ್ಲಿ

ಲೈಫ್ ಜಾಕೆಟ್ ಹಾಕಿ. ಇದರಲ್ಲಿ ಚರ್ಚೆ ಇಲ್ಲ. ಅಳಿವೆಯ ಒಳಗೇ ಇರಿ, ಬಾಗಿಲು ದಾಟಬೇಡಿ. ಹೊಳೆಯ ನೀರು ಇಳಿತದಲ್ಲಿ ರಭಸದಿಂದ ಹೊರಗೆ ಓಡುವಾಗ ಎದುರಿನಿಂದ ಕಡಲ ಅಲೆ ಬಂದರೆ ಮರಳುದಿಬ್ಬದ ಮೇಲೆ ಅಲೆ ಗೋಡೆಯ ಹಾಗೆ ನಿಲ್ಲುತ್ತದೆ. ಅನುಭವ ಇರುವ ಮೀನುಗಾರರೂ ಅಲ್ಲಿ ಹೊತ್ತು ನೋಡಿಯೇ ದಾಟುತ್ತಾರೆ. ಶಾಂಭವಿ, ನಂದಿನಿ ಹೊಳೆಗಳು ಸೇರುವ ಒಳನೀರಿನಲ್ಲೇ ಬೇಕಾದಷ್ಟು ಮೀನಿದೆ.

ಈಗ ಲಂಗರು. ಹತ್ತು ಜನರಲ್ಲಿ ಒಂಬತ್ತು ಜನ ಕೆಡಿಸುವುದು ಇಲ್ಲೇ.

ಒಂದನೇ ತಪ್ಪು, ಮೀನು ಇದೆ ಎನಿಸಿದ ಜಾಗದಲ್ಲೇ ಲಂಗರು ಬಿಡುವುದು. ಲಂಗರು ಬಿದ್ದಲ್ಲಿ ದೋಣಿ ನಿಲ್ಲುವುದಿಲ್ಲ, ಮಾರಾಯ್ರೆ. ಮೂರು ಮೀಟರ್ ಆಳ ಇದ್ದು ಹದಿನೈದು ಮೀಟರ್ ಹಗ್ಗ ಬಿಟ್ಟರೆ ದೋಣಿ ನೀರು ಓಡುವ ಕಡೆಗೆ ಸುಮಾರು ಹದಿನಾಲ್ಕೂವರೆ ಮೀಟರ್ ಕೆಳಗೆ ಹೋಗಿ ನಿಲ್ಲುತ್ತದೆ. ಹಾಗಾಗಿ ಬೇಕಾದ ಜಾಗದಿಂದ ಅಷ್ಟು ಮೇಲಕ್ಕೆ, ನೀರು ಬರುವ ಕಡೆಗೆ ಹೋಗಿ ಬಿಡಬೇಕು.

ಎರಡನೇ ತಪ್ಪು ಹಗ್ಗದ ಜಿಪುಣತನ. ಆಳದ ಐದು ಪಟ್ಟು ಹಗ್ಗ ಬೇಕು. ಹಗ್ಗ ಗಿಡ್ಡವಾದರೆ ದೋಣಿ ಲಂಗರನ್ನು ಮೇಲಕ್ಕೆ ಎತ್ತುತ್ತದೆ, ಕೊಕ್ಕೆ ಮರಳಿಗೆ ಕಚ್ಚುವುದಿಲ್ಲ. ಹಗ್ಗ ಉದ್ದ ಇದ್ದರೆ ಎಳೆತ ಅಡ್ಡಕ್ಕೆ ಬರುತ್ತದೆ, ಕೊಕ್ಕೆ ಇನ್ನೂ ಆಳಕ್ಕೆ ಹೂಳುತ್ತದೆ. ಲಂಗರು ಮತ್ತು ಹಗ್ಗದ ನಡುವೆ ಒಂದೆರಡು ಮೀಟರ್ ಕಬ್ಬಿಣದ ಸರಪಳಿ ಇದ್ದರೆ ಇನ್ನೂ ಒಳ್ಳೆಯದು, ಅದರ ಭಾರಕ್ಕೆ ಹಗ್ಗದ ತುದಿ ತಳದಲ್ಲೇ ಮಲಗುತ್ತದೆ. ಹಗ್ಗಕ್ಕೆ ಮೀಟರಿಗೊಂದು ಗಂಟು ಹಾಕಿಡಿ, ಕತ್ತಲಲ್ಲೂ ಕೈಗೆ ಲೆಕ್ಕ ಸಿಗುತ್ತದೆ. ಕಲ್ಲಿಗೆ ಹಗ್ಗ ಕಟ್ಟಿ ಲಂಗರು ಎನ್ನುವವರಿದ್ದಾರೆ. ಓಟ ಇಲ್ಲದ ನೀರಿನಲ್ಲಿ ನಡೆಯುತ್ತದೆ, ಅಳಿವೆಯಲ್ಲಿ ಆ ಕಲ್ಲು ನಿಮ್ಮ ಜೊತೆ ವಾಕಿಂಗ್ ಬರುತ್ತದೆ.

ಮೂರನೇ ತಪ್ಪು ಜೀವಕ್ಕೇ ಬರುವಂಥದ್ದು. ಹಗ್ಗವನ್ನು ದೋಣಿಯ ಮೂತಿಗೇ ಕಟ್ಟಬೇಕು. ಬೆಂಗಳೂರಿನಿಂದ ಬಂದಿದ್ದ ನನ್ನ ಭಾವ ಒಮ್ಮೆ ಕೈಗೆ ಹತ್ತಿರ ಇದೆಯೆಂದು ಹಿಂದುಗಡೆ ಕಟ್ಟಿದರು. ಹಿಂಬದಿ ಮೊದಲೇ ತಗ್ಗು, ಅದರ ಮೇಲೆ ಎಂಜಿನ್ ಭಾರ, ಅದರ ಮೇಲೆ ಭಾವನ ಭಾರ. ಹಗ್ಗ ಬಿಗಿಯಾದದ್ದೇ ಓಟದ ನೀರು ನೇರ ಒಳಗೆ. "ಭಾವ, ಬಿಡಿ ಹಗ್ಗ, ಬಿಡಿ!" ಎಂದು ಕೂಗಿದೆ, ಅವರು ಗಂಟು ಬಿಚ್ಚಲಿಕ್ಕೆ ಹೊರಟರು. ಬಿಗಿದ ಗಂಟು ಬಿಚ್ಚುತ್ತದಾ? ಪುಣ್ಯಕ್ಕೆ ಮೀನು ಕೊಯ್ಯುವ ಕತ್ತಿ ಕಾಲ ಬುಡದಲ್ಲಿತ್ತು, ಹಗ್ಗ ಕಡಿದೆ. ಲಂಗರು ಈಗಲೂ ಅಲ್ಲೇ ಇದೆ. ಅಂದಿನಿಂದ ಹರಿತವಾದ ಕತ್ತಿ ಇಲ್ಲದೆ ನಾನು ದೋಣಿ ಹತ್ತಿದ್ದಿಲ್ಲ.

ಲಂಗರು ಕಚ್ಚಿದೆಯೋ ಎಂದು ನೋಡುವುದು ಹೇಗೆ? ದಡದಲ್ಲಿ ಒಂದರ ಹಿಂದೆ ಒಂದು ಬರುವ ಎರಡು ಗುರುತು ಹಿಡಿಯಿರಿ. ಮುಂದೆ ತೆಂಗಿನ ಮರ, ಅದರ ಹಿಂದೆ ಯಾರದ್ದೋ ಮನೆಯ ಮಾಡು. ಐದು ನಿಮಿಷ ಕಳೆದರೂ ಮರ ಮಾಡಿನ ಮುಂದೆಯೇ ಇದ್ದರೆ ದೋಣಿ ನಿಂತಿದೆ. ಮಾಡು ಮರದಿಂದ ಹೊರಗೆ ಸರಿದರೆ ಲಂಗರು ಜಾರುತ್ತಿದೆ, ಇನ್ನಷ್ಟು ಹಗ್ಗ ಬಿಡಿ.

ಈಗ ದಾರ ಇಳಿಸಿ. ಬೆರಳಿನಿಂದ ತಡೆಯುತ್ತಾ ನಿಧಾನ ಬಿಡಿ, ತಳ ಮುಟ್ಟಿದ ಕೂಡಲೇ ದಾರ ಸಡಿಲವಾಗುತ್ತದೆ. ತಳ ಮುಟ್ಟುವಷ್ಟು ಮಾತ್ರ ಸೀಸ ಸಾಕು: ನೀರು ನಿಂತಾಗ 20 ಗ್ರಾಂ, ಓಡುವಾಗ 40. ಆಮೇಲೆ ಇನ್ನೂ ಮೂರು ನಾಲ್ಕು ಮೀಟರ್ ಬಿಟ್ಟು ಎರೆ ದೋಣಿಯ ಹಿಂದೆ ಹೋಗಲಿ. ನೇರ ಕೆಳಗೆ ಬಿಟ್ಟರೆ ದೋಣಿ ಏಳುವಾಗಲೆಲ್ಲ ಸೀಸ ಎದ್ದು ಬಿದ್ದು ತಳವನ್ನು ಕುಟ್ಟುತ್ತದೆ, ಕಾಣೆ ಮರಳು ಸೇರುತ್ತದೆ. ದೋಣಿ ಎದ್ದಾಗ ರಾಡಿನ ತುದಿ ಇಳಿಸಿ, ದೋಣಿ ಇಳಿದಾಗ ತುದಿ ಎತ್ತಿ. ಅರ್ಧ ಗಂಟೆಯಲ್ಲಿ ಕೈ ತಾನಾಗಿ ಕಲಿಯುತ್ತದೆ.

ಕಚ್ಚಿದ್ದು ಗೊತ್ತಾಗುವುದಿಲ್ಲ ಎನ್ನುವುದೂ ದೋಣಿಯಲ್ಲೇ ಜಾಸ್ತಿ. ದೋಣಿಯ ಎಳೆತ ನಿಧಾನ, ಉಸಿರಾಟದ ಹಾಗೆ ಬಂದು ಹೋಗುತ್ತದೆ. ಕಾಣೆಯದ್ದು ಹಾಗಲ್ಲ, ಬಾಗಿಲು ಬಡಿದ ಹಾಗೆ ಟಕ್ ಟಕ್ ಎಂದು ಎರಡು ಸಲ. ಎರಡನೇ ಟಕ್‌ಗೆ ಮಣಿಕಟ್ಟು ಮಾತ್ರ ಎತ್ತಿ. ಇಡೀ ತೋಳು ಎತ್ತಿ ಜಗ್ಗಿದರೆ ಆ ಸಣ್ಣ ಬಾಯಿ ಹರಿಯುತ್ತದೆ.

ಉಬ್ಬರ ಇಳಿತ ಬದಲಾಗಿ ನೀರು ತಿರುಗುವ ಹೊತ್ತಿಗೆ ಎಲ್ಲರೂ ದಾರ ಸುತ್ತಿಕೊಳ್ಳಿ. ದೋಣಿ ಲಂಗರಿನ ಸುತ್ತ ಅರ್ಧ ಸುತ್ತು ಹಾಕುತ್ತದೆ, ನೀರಿನಲ್ಲಿ ಇದ್ದ ದಾರಗಳೆಲ್ಲ ಜಡೆ ಹೆಣೆದುಕೊಳ್ಳುತ್ತವೆ.

ಹಾಗಾದರೆ ಯಾವುದು?

ಮೊದಲ ವರ್ಷ ದಡ. ದೋಣಿಯಲ್ಲಿ ಮೀನಿನ ಹತ್ತಿರ ಹೋಗಬಹುದು ನಿಜ, ಆದರೆ ತಳ ಹೇಗಿದೆ ಎಂದು ಕಣ್ಣಾರೆ ನೋಡದವನಿಗೆ ಹತ್ತಿರ ಎಂದರೆ ಯಾವುದರ ಹತ್ತಿರ? ನನಗಂತೂ ಈಗಲೂ ಹತ್ತರಲ್ಲಿ ಎಂಟು ದಿನ ದಡವೇ ಇಷ್ಟ. ಬೇಸರ ಬಂದರೆ ಎದ್ದು ಹೋಗಬಹುದು, ಪೆಟ್ರೋಲ್ ಖರ್ಚಿಲ್ಲ, ಭಾವನನ್ನು ಕರೆದುಕೊಂಡು ಹೋಗಲಿಕ್ಕೂ ಭಯ ಇಲ್ಲ.

ಮೀಸೆ ಇರುವ ತೇಡೆ ಮೀನು ಸಿಕ್ಕರೆ, ದಡವಾಗಲಿ ದೋಣಿಯಾಗಲಿ, ಬರಿಗೈಯಲ್ಲಿ ಹಿಡಿಯಬೇಡಿ. ಬೆನ್ನಿನ ಮೇಲೊಂದು, ಎರಡು ಪಕ್ಕೆಗೆ ಒಂದೊಂದು ಮುಳ್ಳು, ಮೂರರಲ್ಲೂ ವಿಷ. ಚುಚ್ಚಿದರೆ ತಡೆಯುವಷ್ಟು ಬಿಸಿ ನೀರಿನಲ್ಲಿ ಕೈ ಇಟ್ಟರೆ ನೋವು ಇಳಿಯುತ್ತದೆ, ಮುಳ್ಳು ಒಳಗೆ ಮುರಿದಿದ್ದರೆ ಡಾಕ್ಟರ ಹತ್ತಿರ ಹೋಗಿ.

ಮನೆಗೆ ಬಂದ ಮೇಲೆ ರೀಲನ್ನು ಸಿಹಿನೀರಿನಲ್ಲಿ ಮೆಲ್ಲಗೆ ತೊಳೆದು, ನೆರಳಲ್ಲಿ ಒಣಗಿಸಿ, ಹಿಡಿಗೆ ಎರಡು ಹನಿ ಎಣ್ಣೆ ಬಿಡಿ. ಇದನ್ನು ಊಟಕ್ಕೆ ಮುಂಚೆ ಮಾಡಿ. ಕಾಣೆ ರವಾ ಫ್ರೈ ತಿಂದ ಮೇಲೆ ಯಾರೂ ಏಳುವುದಿಲ್ಲ.