ಚೀಲದ ಮೇಲಿನ ಕೊಂಬು ನೋಡಿ ಬೀಜ ಕೊಳ್ಳಬೇಡಿ

ಅಮೆರಿಕದ ಹಳ್ಳಿಗಾಡಿನ ಬೀಜದಂಗಡಿಗೆ ಜುಲೈ ತಿಂಗಳಲ್ಲಿ ಹೋದರೆ ಜಿಂಕೆ ಚಿತ್ರದ ಚೀಲಗಳು ಸಾಲಾಗಿ ನಿಂತಿರುತ್ತವೆ. ಒಂದಕ್ಕಿಂತ ಒಂದರ ಕೊಂಬು ದೊಡ್ಡದು. ಒಳಗೆ ಬಹುಪಾಲು ಕ್ಲೋವರ್ ಬೀಜ. ಮೆಂತ್ಯದ ಹಾಗೆ ಮೂರೆಲೆ ಬಿಡುವ, ನಮ್ಮ ಕುದುರೆ ಮೆಂತೆಯ ಬಳಗದ ಮೇವು ಅದು. ಉತ್ತರ ಭಾರತದಲ್ಲಿ ಎಮ್ಮೆಗಳಿಗೆ ಹಾಕುವ ಬರ್ಸೀಮ್ ಕೂಡ ಒಂದು ಕ್ಲೋವರೇ. ಜಮೀನಿನ ಮೂಲೆಯಲ್ಲಿ ಇದನ್ನು ಬಿತ್ತಿ ಬಿಳಿಬಾಲದ ಜಿಂಕೆಗಳನ್ನು ಕರೆಯುವುದು ಇಲ್ಲಿ ದೊಡ್ಡ ಹವ್ಯಾಸ. ಫುಡ್ ಪ್ಲಾಟ್ ಅಂತಾರೆ. ಹೆಚ್ಚಿನವರು ಬೇಟೆಗೆಂದು ಮಾಡುತ್ತಾರೆ. ನಮ್ಮಂಥ ಕೆಲವರಿಗೆ ಅಡುಗೆಮನೆ ಕಿಟಕಿಯಿಂದ ಜಿಂಕೆ ಕಂಡರೆ ಸಾಕು.

ನಾನಿರುವುದು ವಿಸ್ಕಾನ್ಸಿನ್‌ನಲ್ಲಿ. ಮೊದಲ ವರ್ಷ ಕೊಂಡದ್ದು ಕ್ರಿಮ್ಸನ್ ಕ್ಲೋವರ್. "ಎಲ್ಲ ಕಡೆ ಬರುತ್ತೆ" ಅಂದರು ಅಂಗಡಿಯವರು. ಆಗಸ್ಟಿನಲ್ಲಿ ಬಿತ್ತಿದೆ. ಸೆಪ್ಟೆಂಬರಿನಲ್ಲಿ ನೋಡಿದರೆ ಹಸಿರು ಜಮಖಾನ ಹಾಸಿದಂತಿತ್ತು. ಮಾರ್ಚಿನಲ್ಲಿ ಹಿಮ ಕರಗಿದಾಗ ಉಳಿದದ್ದು ನೆಲಕ್ಕೆ ಅಂಟಿದ ಕಂದು ಎಲೆಗಳು ಅಷ್ಟೇ. ಅದು ಜಾರ್ಜಿಯಾ, ಅಲಬಾಮ ಕಡೆಯ ಬೆಳೆ. ನಮ್ಮ ಚಳಿಯನ್ನು ಅದು ತಡೆಯುವುದಿಲ್ಲ. ಚೀಲದ ಮೇಲಿನ ಜಿಂಕೆಗೆ ಅದು ಗೊತ್ತಿರಲಿಲ್ಲ!

ಮೊದಲು ಮಣ್ಣು

ಬೀಜದ ದುಡ್ಡು ಕೊಡುವ ಮುಂಚೆ ಮಣ್ಣಿನ ಪರೀಕ್ಷೆ ಮಾಡಿಸಿ. ಯಾವ ಕೌಂಟಿಗೆ (ನಮ್ಮ ಜಿಲ್ಲೆಯ ಹಾಗೆ) ಹೋದರೂ ರೈತರಿಗೆ ಸಲಹೆ ಕೊಡುವ ವಿಶ್ವವಿದ್ಯಾಲಯದ ಎಕ್ಸ್‌ಟೆನ್ಷನ್ ಕಚೇರಿಯವರು ದಾರಿ ಹೇಳುತ್ತಾರೆ. ಕ್ಲೋವರ್‌ಗೆ ಮಣ್ಣಿನ ಹುಳಿ ಅಳೆಯುವ ಪಿಎಚ್ 6ರಿಂದ 7 ಇರಬೇಕು. ಕಾಡಂಚಿನ ಮಣ್ಣು ಸಾಮಾನ್ಯವಾಗಿ ಹುಳಿ. ಕೃಷಿ ಸುಣ್ಣ ಹಾಕಬೇಕಾಗುತ್ತದೆ, ಅದು ಕೆಲಸ ಮಾಡಲು ಆರು ತಿಂಗಳಾದರೂ ಬೇಕು. ಈ ವರ್ಷ ಸುಣ್ಣ, ಮುಂದಿನ ವರ್ಷ ಬೀಜ ಅಂದುಕೊಂಡವರು ಗೆಲ್ಲುತ್ತಾರೆ.

ಯಾವ ಕ್ಲೋವರ್?

ಬಿಳಿ ಕ್ಲೋವರ್ ಹಲವು ವರ್ಷ ಬಾಳುತ್ತದೆ. ಚೆನ್ನಾಗಿ ನೋಡಿಕೊಂಡರೆ ಮೂರರಿಂದ ಐದು ವರ್ಷ. ಒಂದೆಲಗದ ಹಾಗೆ ನೆಲದ ಮೇಲೆ ಹರಿದು ಗಂಟುಗಂಟಿಗೂ ಬೇರು ಬಿಡುತ್ತದೆ. ಹೀಗಾಗಿ ಜಿಂಕೆ ಎಷ್ಟು ಮೇಯ್ದರೂ ಮತ್ತೆ ಚಿಗುರುತ್ತದೆ. ಇದರಲ್ಲೇ ದೊಡ್ಡ ಎಲೆಯದು ಲಡೀನೋ. ಮೇವು ಜಾಸ್ತಿ ಕೊಡುತ್ತದೆ. ಎಲೆ ಮಧ್ಯಮ ಗಾತ್ರದ ತಳಿಗಳು ತುಳಿತ, ಮೇಯುವಿಕೆ ಎರಡನ್ನೂ ಚೆನ್ನಾಗಿ ತಡೆಯುತ್ತವೆ. ದಕ್ಷಿಣದವರು ಮೆಚ್ಚುವ ಡುರಾನಾ ಈ ಗುಂಪಿನದು, ಜಾರ್ಜಿಯಾ ವಿಶ್ವವಿದ್ಯಾಲಯದ ತಳಿ. ಬಿಳಿ ಕ್ಲೋವರಿನ ದೌರ್ಬಲ್ಯ ಒಂದೇ. ಬೇರು ಮೇಲೆಯೇ ಇರುವುದರಿಂದ ಮರಳು ದಿನ್ನೆಯಲ್ಲಿ ಬೇಸಿಗೆಗೆ ಸೊರಗುತ್ತದೆ.

ಅಂಥ ಕಡೆ ಕೆಂಪು ಕ್ಲೋವರ್ ನೋಡಿ. ತಾಯಿಬೇರು ಆಳಕ್ಕೆ ಇಳಿಯುತ್ತದೆ, ತುಸು ಹುಳಿ ಮಣ್ಣನ್ನೂ ಸಹಿಸುತ್ತದೆ. ಆದರೆ ಆಯುಸ್ಸು ಎರಡು ಮೂರು ವರ್ಷ. ನೀರು ನಿಲ್ಲುವ ತಗ್ಗಾದರೆ ಆಲ್ಸೈಕ್ ಇದೆ. ಪಕ್ಕದಲ್ಲಿ ಯಾರಾದರೂ ಕುದುರೆ ಸಾಕಿದ್ದರೆ ಇದು ಬೇಡ, ಕುದುರೆಗೆ ವಿಷವಾಗಬಹುದು.

ಕ್ರಿಮ್ಸನ್, ಆರೋಲೀಫ್ ಎರಡೂ ಒಂದು ವರ್ಷದ ಗಿಡಗಳು. ದಕ್ಷಿಣದ ರಾಜ್ಯಗಳಲ್ಲಿ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಬಿತ್ತುತ್ತಾರೆ. ಕ್ರಿಮ್ಸನ್ ವಸಂತದಲ್ಲಿ ಬೇಗ ಮುಗಿಯುತ್ತದೆ, ಆರೋಲೀಫ್ ಇನ್ನಷ್ಟು ದಿನ ಎಳೆಯುತ್ತದೆ. ಅಲ್ಲಿನವರು ಎರಡನ್ನೂ ಬೆರೆಸುವುದು ಅದಕ್ಕೇ.

ನಾನು ಈಗ ಹಾಕುವುದು ಎಕರೆಗೆ 6 ಪೌಂಡ್ ಕೆಂಪು, 3 ಪೌಂಡ್ ಬಿಳಿ. ಕೆಂಪು ಮೊದಲೆರಡು ವರ್ಷ ಹೊಟ್ಟೆ ತುಂಬಿಸುತ್ತದೆ. ಅಷ್ಟರಲ್ಲಿ ಬಿಳಿ ಹಬ್ಬಿಕೊಳ್ಳುತ್ತದೆ. ಬರೀ ಬಿಳಿಯಾದರೆ ಎಕರೆಗೆ 6ರಿಂದ 8 ಪೌಂಡ್ ಸಾಕು. ಎಕರೆ ಅಂದರೆ ನಮ್ಮ 40 ಗುಂಟೆ, ಪೌಂಡ್ ಅಂದರೆ ಸುಮಾರು 450 ಗ್ರಾಂ. ಇಷ್ಟು ಕಡಿಮೆಯಾ ಅನ್ನಿಸುತ್ತೆ ಅಲ್ವಾ? ಬಿಳಿ ಕ್ಲೋವರ್ ಬೀಜ ಗಸಗಸೆಗಿಂತ ಚೂರು ದಪ್ಪ, ಅಷ್ಟೇ. ಒಂದು ಪೌಂಡಿನಲ್ಲಿ ಹತ್ತಿರಹತ್ತಿರ 8 ಲಕ್ಷ ಬೀಜ ಇರುತ್ತವೆ.

ಚೀಟಿ ಓದುವುದು

ಚೀಲ ತಿರುಗಿಸಿ. ಹಿಂದೆ ಅಥವಾ ಹೊಲಿಗೆಯ ಹತ್ತಿರ ಒಂದು ಚೀಟಿ ಇರುತ್ತದೆ. ಜಾಹೀರಾತು ಮುಂದುಗಡೆ, ನಿಜ ಹಿಂದುಗಡೆ. ತಳಿಯ ಹೆಸರು, ಶುದ್ಧ ಬೀಜ ಎಷ್ಟು, ಮೊಳಕೆ ಎಷ್ಟು, ಕಳೆಬೀಜ ಎಷ್ಟು, ಪರೀಕ್ಷೆ ಮಾಡಿದ ತಿಂಗಳು ಯಾವುದು, ಎಲ್ಲ ಅಲ್ಲಿದೆ. 'ಹಾರ್ಡ್ ಸೀಡ್' ಅಂತ ಒಂದು ಸಾಲು ಇರುತ್ತದೆ. ಹೆಸರುಕಾಳು ನೆನೆಹಾಕಿದಾಗ ಕಲ್ಲಿನ ಹಾಗೇ ಉಳಿಯುವ ನಾಲ್ಕು ಕಾಳು ಇರುತ್ತವಲ್ಲ, ಅದೇ. ಅವು ಕೆಟ್ಟ ಬೀಜವಲ್ಲ, ತಡವಾಗಿ ಮೊಳೆಯುತ್ತವೆ.

ಜನ ಮೋಸ ಹೋಗುವುದು ಲೇಪನ ಹಚ್ಚಿದ ಬೀಜದಲ್ಲಿ. ಲೇಪನ ತಪ್ಪೇನಲ್ಲ, ಎರಚಲು ಸುಲಭ. ಆದರೆ ಚೀಲದ ತೂಕದಲ್ಲಿ ಮೂರನೇ ಒಂದು ಭಾಗ ಅದೇ ಆಗಿರಬಹುದು. ಲೆಕ್ಕ ಹಾಕಿ. ಲೇಪನದ ಚೀಲದಲ್ಲಿ ಶುದ್ಧ ಬೀಜ ಶೇ 65, ಮೊಳಕೆ ಶೇ 90 ಅಂದುಕೊಳ್ಳಿ. ಎರಡನ್ನೂ ಗುಣಿಸಿದರೆ ಶೇ 58.5 ಮಾತ್ರ ಬದುಕುವ ಬೀಜ. ಬರಿ ಬೀಜದ ಚೀಲದಲ್ಲಿ ಶುದ್ಧ ಬೀಜ ಶೇ 98, ಮೊಳಕೆ ಅದೇ ಶೇ 90 ಅಂದುಕೊಂಡು ಗುಣಿಸಿದರೆ ಶೇ 88. ಮೊದಲನೆಯದು ಪೌಂಡಿಗೆ 4 ಡಾಲರ್, ಎರಡನೆಯದು 5 ಡಾಲರ್ ಆದರೆ ಯಾವುದು ಅಗ್ಗ? ಬದುಕುವ ಬೀಜದ ಲೆಕ್ಕದಲ್ಲಿ ಮೊದಲನೆಯದಕ್ಕೆ ಸುಮಾರು 6.80 ಡಾಲರ್, ಎರಡನೆಯದಕ್ಕೆ 5.70 ಡಾಲರ್ ಬೀಳುತ್ತದೆ.

ಬರಿ ಬೀಜ ತಂದರೆ ಬೇರಿನ ಗಂಟಿನಲ್ಲಿದ್ದು ಗಿಡಕ್ಕೆ ಸಾರಜನಕ ಒದಗಿಸುವ ರೈಜೋಬಿಯಂ ಹಚ್ಚಲೇಬೇಕು. ಊರಲ್ಲಿ ತೊಗರಿ ಬೀಜಕ್ಕೆ ಬೆಲ್ಲದ ನೀರಿನಲ್ಲಿ ಕಲಸಿ ಹಚ್ಚುತ್ತಾರಲ್ಲ, ಅದೇ ವಿಧಾನ. ಕೆಂಪಿಗೂ ಬಿಳಿಗೂ ಒಂದೇ ಪೊಟ್ಟಣ ಆಗುತ್ತದೆ. ಕ್ರಿಮ್ಸನ್‌ಗೆ, ಆರೋಲೀಫ್‌ಗೆ ಬೇರೆ ಬೇರೆ. ಪೊಟ್ಟಣದ ಅವಧಿ ಮುಗಿದಿದೆಯಾ ನೋಡಿ, ಬಿಸಿಲಲ್ಲಿ ಕಾರಿನೊಳಗೆ ಬಿಡಬೇಡಿ. ಅದರೊಳಗಿರುವುದು ಜೀವಾಣು.

ಬಿತ್ತನೆ

ಉತ್ತರದಲ್ಲಿ ಆಗಸ್ಟ್ ಮೊದಲರ್ಧ ಒಳ್ಳೆಯದು. ಜೊತೆಗೆ ಎಕರೆಗೆ 40 ಪೌಂಡ್ ಓಟ್ಸ್ ಹಾಕಿದರೆ ಸಸಿಗೆ ನೆರಳು, ಜಿಂಕೆಗೆ ತಿಂಡಿ. ಚಳಿಗೆ ಓಟ್ಸ್ ತಾನಾಗಿ ಸಾಯುತ್ತದೆ. ನೆಲ ಗಟ್ಟಿಯಾಗಿರಲಿ, ಬೂಟು ಅರ್ಧ ಇಂಚಿಗಿಂತ ಕೆಳಗೆ ಇಳಿಯಬಾರದು. ಎಳ್ಳಿಗೆ ಮಾಡುವಂತೆ ಒಣ ಮರಳಲ್ಲಿ ಬೆರೆಸಿ ಎರಚಿ, ರೋಲರ್ ಎಳೆಯಿರಿ. ಕಾಲು ಇಂಚಿಗಿಂತ ಆಳಕ್ಕೆ ಹೋದರೆ ಮೊಳಕೆ ಮೇಲೆ ಬರುವುದಿಲ್ಲ.

ಸೋಮಾರಿಗಳಿಗೆ ಇನ್ನೊಂದು ದಾರಿ ಇದೆ, ನನಗೆ ಅದೇ ಇಷ್ಟ. ಫೆಬ್ರುವರಿ ಕೊನೆಗೆ, ಮಾರ್ಚಿನಲ್ಲಿ ನೆಲ ರಾತ್ರಿ ಹೆಪ್ಪುಗಟ್ಟಿ ಹಗಲು ಕರಗುತ್ತದೆ. ಆಗ ಮಣ್ಣಿನ ಮೇಲೆ ಜೇನುಗೂಡಿನಂಥ ಬಿರುಕು. ಬೆಳಿಗ್ಗೆ ಬೇಗ ಎದ್ದು ಅದರ ಮೇಲೆ ಸುಮ್ನೆ ಬೀಜ ಎರಚಿ ಬಂದರಾಯಿತು. ಬಿರುಕು ಮುಚ್ಚುವಾಗ ಬೀಜವನ್ನು ತಾನೇ ನುಂಗಿಕೊಳ್ಳುತ್ತದೆ. ಕೆಂಪು ಕ್ಲೋವರ್‌ಗೆ ಇದು ತುಂಬ ಒಗ್ಗುತ್ತದೆ.

ಮೇವು ಬೆಳೆಯುವುದೂ ಜಿಂಕೆ ಕರೆಯಲು ಮುಸುಕಿನ ಜೋಳದ ರಾಶಿ ಸುರಿಯುವುದೂ ಒಂದೇ ಅಲ್ಲ. ರಾಶಿಗೆ ಜಿಂಕೆಗಳು ಮೂತಿಗೆ ಮೂತಿ ತಾಗಿಸಿ ನಿಲ್ಲುತ್ತವೆ, ರೋಗ ಹರಡುತ್ತದೆ. ವಿಸ್ಕಾನ್ಸಿನ್‌ನಲ್ಲಿ 2002ರಲ್ಲಿ ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಎಂಬ ಜಿಂಕೆಗಳ ಮಾರಕ ಮಿದುಳು ರೋಗ ಪತ್ತೆಯಾದ ಮೇಲೆ ಹಲವು ಕೌಂಟಿಗಳಲ್ಲಿ ರಾಶಿ ಸುರಿಯುವಂತಿಲ್ಲ. ರಾಜ್ಯಕ್ಕೊಂದು ನಿಯಮ, ನಿಮ್ಮ ವನ್ಯಜೀವಿ ಇಲಾಖೆಯ ನಿಯಮ ಓದಿಕೊಳ್ಳಿ.

ಬಿತ್ತಿದ ದಿನವೇ ಒಂದು ಕೆಲಸ ಮಾಡಿ. ಒಳಗಿನದಕ್ಕೆ ಜಿಂಕೆ ಬಾಯಿ ಹಾಕದ ಹಾಗೆ ತಂತಿ ಬಲೆಯನ್ನು ಮೂರು ಅಡಿ ಅಗಲದ ಉಂಗುರ ಮಾಡಿ ಪ್ಲಾಟಿನ ನಡುವೆ ನೆಟ್ಟುಬಿಡಿ. ಕಳೆದ ಜೂನ್‌ನಲ್ಲಿ ನಮ್ಮ ಉಂಗುರದೊಳಗೆ ಕ್ಲೋವರ್ ಮೊಣಕಾಲುದ್ದ ಇತ್ತು. ಹೊರಗೆ ಹೆಬ್ಬೆರಳಿನಷ್ಟೂ ಇರಲಿಲ್ಲ. ಹಾಗಿದ್ದರೆ ಬೀಜ ಸರಿ, ಜಾಗ ಸಾಲದು. ಈ ಸಲ ಇನ್ನೂ ಹತ್ತು ಗುಂಟೆಗೆ ಸುಣ್ಣ ಹಾಕಿದ್ದೇನೆ.